ರಾಚಮ್ಮ ಕಂಡ ಪೆನಾಲ್ಟಿ

"ಬ್ರಹ್ಮ ಎಲ್ರ ಕಣ್ಣಿಗೂ ರೆಪ್ಪೆ ಇಟ್ಟು ಕಳಿಸ್ದ, ರಾಚಮ್ಮಂಗೆ ಇಡೋದ ಮರ್ತ್‌ಬುಟ್ಟ" ಎನ್ನುತ್ತಿದ್ದರು ಕೊಳ್ಳೇಗಾಲದ ಮೈದಾನದ ಕೇರಿಯವರು. "ನೊಣ ಕೂತು ಎದ್ದೋದ್ರೆ ಯಾವ್ ಕಾಲ ಮೊದ್ಲು ಎತ್ತುತು ಅಂತ ಯೋಳ್ತಾಳೆ ಕಣವ್ವ ಅವ್ಳು" ಎನ್ನುವವರೂ ಇದ್ದರು. ಪಕ್ಕದ ಮನೆಯ ಪುಟ್ಟಮಲ್ಲಮ್ಮನಂತೂ ಬಾವಿಕಟ್ಟೆಯಲ್ಲಿ ಬಿಂದಿಗೆ ಇಳಿಸಿ ಸೊಂಟಕ್ಕೆ ಕೈಕೊಟ್ಟು ಹೇಳುವಳು: "ಅನ್ನೆಲ್ಡ್ ವರ್ಸದಿಂದ ಅವ್ಳ ಚರಕದ ಚಕ್ರ ತಿರುಗ್ಸ್ತಾ ಇವ್ನಿ. ಒಂದ್ ದಿವ್ಸನಾರ 'ಮಲ್ಲಿ, ನೀ ಯೋಳಿದ್ದೇ ಸರಿ' ಅಂದಿದ್ರೆ ಈ ಬಿಂದಿಗೆ ಜತೀಗೆ ನನ್ನೂ ಬಾವಿಗ್ ಆಕ್ಬುಡಿ."

ಅಷ್ಟು ಅಂದವಳೇ ಬಿಂದಿಗೆ ಹೊತ್ತುಕೊಂಡು ನೇರ ರಾಚಮ್ಮನ ಮನೆಗೇ ಹೋಗುವಳು. ಚಕ್ರ ತಿರುಗಿಸುವ ಹೊತ್ತಾಗಿರುತ್ತಿತ್ತು.

ರಾಚಮ್ಮನ ಕೆಲಸ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವುದು. ಒಲೆಯ ಮೇಲೆ ತಾಮ್ರದ ಬಾಣಲೆ, ಬಾಣಲೆಯಲ್ಲಿ ಕುದಿಯುವ ನೀರು, ನೀರಿನಲ್ಲಿ ಕುಣಿಯುವ ಗೂಡುಗಳು. ಒಂದೊಂದು ಗೂಡಿನಿಂದಲೂ ಕಣ್ಣಿಗೆ ಕಂಡೂ ಕಾಣದ ಒಂದೊಂದು ಎಳೆ ಮೇಲೆದ್ದು, ಎಂಟು ಹತ್ತು ಎಳೆ ಸೇರಿ ಒಂದು ನೂಲಾಗಿ ಚಕ್ರಕ್ಕೆ ಸುತ್ತಿಕೊಳ್ಳಬೇಕು. ನಡುವೆ ಒಂದು ಎಳೆ ಹೋದರೂ ನೂಲು ಸೊರಗುತ್ತದೆ. ಹೋದ ಎಳೆಯನ್ನು ಹಬೆಯ ನಡುವೆ ಕಂಡುಹಿಡಿದು, ಚಕ್ರ ನಿಲ್ಲುವ ಮೊದಲೇ ಇನ್ನೊಂದು ಗೂಡಿನ ಎಳೆಯನ್ನು ಬೆರಳ ತುದಿಯಿಂದ ಎಸೆದು ಸೇರಿಸಬೇಕು. ಹೊಸದಾಗಿ ಕಲಿಯಲು ಬಂದ ಹೆಂಗಸರಿಗೆ ರಾಚಮ್ಮ ಹೇಳಿಕೊಡುತ್ತಿದ್ದ ಮೊದಲ ಪಾಠ ಇದು: "ಎಳೆ ಕಡುದ್ರೆ ಗೂಡು ಒಂದ್‌ಸಲ ಜಗ್ಗುತ್ತೆ, ಆಮೇಕೆ ನಿಲ್ಲುತ್ತೆ. ಎಳೆ ಮುಗುದ್ರೆ ಗೂಡು ಜಗ್ಗಕಿಲ್ಲ, ತನ್ನಷ್ಟಕ್ ತಾನೆ ಮೆತ್ತಗೆ ತಳಕ್ಕೆ ಕೂರುತ್ತೆ. ಇದ ಕಣ್ಣಲ್ಲಿ ಇಡ್ಕಳಿ. ಮಿಕ್ಕಿದ್ದೆಲ್ಲ ಕೈಗೆ ತಾನೇ ಬತ್ತದೆ."

ಅವಳು ಹುಟ್ಟಿದ್ದು ಧನಗೆರೆಯಲ್ಲಿ, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಎಂದು ಅವಳ ತಾಯಿ ಹೇಳುತ್ತಿದ್ದಳಂತೆ. ಸೊಪ್ಪು ಕೀಳಲು ಹೋದವಳು ಮಗುವನ್ನೂ ಮಂಕರಿಯಲ್ಲೇ ಹೊತ್ತು ತಂದಳಂತೆ. ಹದಿನಾಲ್ಕಕ್ಕೆ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಳು. ಇಪ್ಪತ್ತೆರಡಕ್ಕೆ ಗಂಡ ವಾರದ ಜ್ವರದಲ್ಲಿ ಹೋದ. ಮಗಳು ಸೋಮಮ್ಮನಿಗೆ ಆಗ ನಾಲ್ಕು ವರ್ಷ. ಹದಿಮೂರನೆಯ ದಿನ ಕಳೆಯುತ್ತಲೇ ಗಂಡನ ಅಣ್ಣತಮ್ಮಂದಿರು ಚರಕ ಹೊತ್ತುಕೊಂಡು ಹೋಗಲು ಬಂದರು. ಹೆಂಗಸಿಗೆ ಚರಕವೇಕೆ, ಚಕ್ರ ತಿರುಗಿಸುವ ಕೂಲಿಗೆ ಎಲ್ಲಾದರೂ ಸೇರಿಕೊಳ್ಳಲಿ ಎನ್ನುವುದು ಅವರ ಮಾತು. ರಾಚಮ್ಮ ಒಲೆ ಉರಿಸಿ ಕೂತಿದ್ದಳು. "ನೀರು ಕುದೀತಾ ಅದೆ. ಯಾರ್ ಕೈ ಗಟ್ಟಿ ಅದೆ, ಮೊದ್ಲು ಬಾಣ್ಲೆ ಎತ್ತಿ. ಆಮೇಕೆ ಚರಕ ಎತ್ತೀರಂತೆ" ಎಂದಳು. ಬಂದವರು ಬಾಣಲೆ ನೋಡಿದರು, ಅವಳ ಮುಖ ನೋಡಿದರು, ಬಂದ ದಾರಿ ಹಿಡಿದರು. ಅಂದು ಹತ್ತಿದ ಒಲೆಯಿಂದಲೇ ಸೋಮಮ್ಮ ಬೆಳೆದು, ಮದುವೆಯಾಗಿ, ಹನೂರು ಸೇರಿದ್ದಳು.

ಮನೆ ಮಾತ್ರ ಅವಳದಲ್ಲ. ರೇಷ್ಮೆ ವ್ಯಾಪಾರದ ಸದಾಶಿವಪ್ಪನವರದು. ಮುಂದೆ ಜಗಲಿ, ಪಕ್ಕಕ್ಕೆ ಚರಕದ ಗುಡಿಸಲು. ಗುಡಿಸಲಿಗೆ ಮೂರೇ ಗೋಡೆ, ನಾಲ್ಕನೆಯದು ಮೈದಾನ. ಬಾಣಲೆಯ ಮುಂದೆ ಕೂತು ತಲೆ ಎತ್ತಿದರೆ ಎರಡು ಬಿದಿರು ನೆಟ್ಟು ಮೇಲೊಂದು ಹಗ್ಗ ಬಿಗಿದ ಗೋಲು, ಇಪ್ಪತ್ತು ಹೆಜ್ಜೆ ದೂರದಲ್ಲಿ. ಹದಿನೆಂಟು ವರ್ಷ ಆ ಜಾಗದಲ್ಲಿ ಕೂತು ರಾಚಮ್ಮ ನೂಲೂ ತೆಗೆದಳು, ಫುಟ್‌ಬಾಲೂ ನೋಡಿದಳು. ಮೊದಮೊದಲು ಗುಡಿಸಲಿಗೆ ನುಗ್ಗಿದ ಬಾಲಿಗಾಗಿ ಜಗಳ. "ಇನ್ನೊಂದ್‌ಸಲ ಬಾಣ್ಲೆಗ್ ಬಿದ್ರೆ ಅದ್ನೂ ಬೇಯ್ಸಿ ನೂಲ್ ತಗೀತೀನಿ, ಉಸಾರು!" ಬರಬರುತ್ತ ಹುಡುಗರು ಅವಳನ್ನೇ ಕೇಳತೊಡಗಿದರು: "ರಾಚಮ್ಮತ್ತೆ, ಬಾಲ್ ಗೆರೆ ದಾಟ್ತಾ?" ಅವಳು ದಾಟಿತು ಎಂದರೆ ದಾಟಿತು, ಇಲ್ಲ ಎಂದರೆ ಇಲ್ಲ. ಯಾರ ಕೈಯಲ್ಲಿ ಪೀಪಿ ಇದ್ದರೂ ಆ ಮೂಲೆಯ ನ್ಯಾಯ ಅವಳದೇ.

ಹೀಗಿರುವಾಗ ನಲವತ್ತೆಂಟನೇ ಇಸವಿಯ ಆಷಾಢದಲ್ಲಿ ಲಂಡನ್ನಿನ ಸುದ್ದಿ ಬಂತು.

ಸುದ್ದಿ ಬಂದದ್ದು ಮೈಸೂರಿನ ಬಸ್ಸಿನಲ್ಲಿ, ಎರಡು ದಿನ ಹಳೆಯ ಪೇಪರಿನಲ್ಲಿ. ರಾಚಮ್ಮನ ಜಗಲಿಯ ಮೇಲೆ ನಿಂತು ಓದಿದವನು ಬಸವಣ್ಣ. ಸದಾಶಿವಪ್ಪನವರ ತಂಗಿಯ ಮಗ, ಹತ್ತೊಂಬತ್ತರ ಹುಡುಗ, ಕೊಳ್ಳೇಗಾಲದ ತಂಡದ ಮುಂದಾಳು, ಊರಿಗೆಲ್ಲ ಬೂಟು ಹಾಕಿ ಆಡುವವನು ಅವನೊಬ್ಬನೇ. ಒಲಿಂಪಿಕ್ಸಿನಲ್ಲಿ ನಮ್ಮವರು ಫ್ರಾನ್ಸಿನ ಎದುರು ಎರಡು-ಒಂದರಲ್ಲಿ ಸೋತರು, ಬಹಳ ಮಂದಿ ಬರಿಗಾಲಲ್ಲೇ ಆಡಿದರು, ಎರಡು ಪೆನಾಲ್ಟಿ ಸಿಕ್ಕರೂ ಎರಡೂ ವ್ಯರ್ಥವಾದವು. ಇಷ್ಟೇ ಇದ್ದದ್ದು. ನಾಲ್ಕು ಸಾಲು.

ಆ ನಾಲ್ಕು ಸಾಲನ್ನು ಕೊಳ್ಳೇಗಾಲ ನಾಲ್ಕು ವಾರ ಅಗಿಯಿತು.

"ರೆಫ್ರಿ ಬಿಳಿಯ ಇರ್ಬೇಕು ಕಣ್ಲಾ, ಅದ್ಕೇ ಸೋಲಿಸ್ದ."

"ಲೇ ದಡ್ಡ, ಸೋಲ್ಸೋನು ಎಲ್ಡೆಲ್ಡು ಪೆನಾಲ್ಟಿ ಕೊಟ್ಟಾನಾ?"

"ಕೊಟ್ಟಂಗ್ ಕೊಟ್ಟು ಕಾಲಿಗ್ ಗ್ಯಾನ ತಪ್ಪಿಸ್ದ."

"ಅವನೇನ್ ಮಂತ್ರವಾದಿನೇನ್ಲಾ? ತಪ್ಪು ಕೋಚಿಂದು. ಪೆನಾಲ್ಟಿ ಒದೆಯೋದ ಕಲ್ಸ್‌ದೆ ಲಂಡನ್ನಿನ ಹಡಗು ಅತ್ಸಿ ಕಳಿಸ್ದೋರ್ಗೆ ಏನನ್ಬೇಕು?"

"ಪೆನಾಲ್ಟಿ ಎಂಗ್ ಸಿಕ್ತು ಅಂತೀನಿ ನಾನು. ಯಾರೋ ಬಿದ್ದವ್ರೆ. ಬಿದ್ದೋನು ತಾನೇ ಬಿದ್ನೋ, ಬೀಳಿಸುದ್ರೋ?"

"ಬೀಳಿಸ್ದೆ ಬೀಳೋಕೆ ಅವ್ನೇನ್ ನಿಮ್ಮಪ್ಪನಾ, ಎಂಡ ಕುಡ್ಕಂಡು?"

ಒಳಗಿನಿಂದ ರಾಚಮ್ಮನ ದನಿ: "ಕಂಡೋರ್ ಯಾರ್ಲಾ ನಿಮ್ಮಲ್ಲಿ?"

ಪೇಪರು ಹಿಡಿದಿದ್ದವನು ಅದನ್ನು ಮಡಿಚಿದ.

"ಕಾಣ್ದಿದ್ದ ನ್ಯಾಯ ಯೋಳ್ಬಾರ್ದು. ಓಗಿ, ಎಲ್ಲಾರ್ಗೂ ಮನೇಲಿ ಎಮ್ಮೆ ಇಲ್ವಾ?"

ಕಾಣದ ಆಟದಿಂದ ಪಾಠ ಕಲಿತವರೆಂದರೆ ಸದಾಶಿವಪ್ಪ ಒಬ್ಬರೇ. ಫುಟ್‌ಬಾಲಿನ ಹುಚ್ಚು ಅವರಿಗೆ ಹಳೆಯದು. ಊರಿಗೊಂದು ಕಪ್ಪು ಬರಲೆಂದು ಇಪ್ಪತ್ತು ವರ್ಷದಿಂದ ತಂಡಕ್ಕೆ ಬಾಲು, ಬನಿಯನ್ನು, ಆಟದ ದಿನ ಒಬ್ಬೊಬ್ಬನಿಗೆ ಎರಡೆರಡು ಮೊಟ್ಟೆ ಕೊಡುತ್ತ ಬಂದವರು. ತಾವು ಮೊಟ್ಟೆ ಮುಟ್ಟದವರು. ಆ ನಾಲ್ಕು ಸಾಲನ್ನು ಅವರು ಹತ್ತು ಸಲ ಓದಿಸಿ ಕೇಳಿದರು. ಕೊನೆಗೆ ತೊಡೆ ತಟ್ಟಿಕೊಂಡು, "ಗುಟ್ಟು ಸಿಕ್ತು ಕಣ್ಲಾ! ದೇಸದೇಸದ ಆಟ ಗೆಲ್ಲೋದು ಪೆನಾಲ್ಟೀಲಿ. ಅದು ಸಿಗೋದು ಬಿದ್ರೆ. ನಮ್ಮೋರ್ಗೆ ಬೀಳೋಕೆ ಬಂತು, ಒದೆಯೋಕೆ ಬರ್ನಿಲ್ಲ. ನಾವ್ ಎಲ್ಡೂ ಕಲ್ಯವ" ಎಂದರು.

ಮಾರನೆಯ ದಿನದಿಂದ ಅವರೇ ಕೋಚು. ಗೋಲಿನ ಮುಂದೆ ಎರಡು ಬಂಡಿ ಹುಲ್ಲು ಸುರಿಸಿದರು. ಬಸವಣ್ಣ ದಿನಾ ಐವತ್ತು ಸಲ ಓಡಿ ಬಂದು ಬೀಳಬೇಕು, ಐವತ್ತು ಸಲ ಎದ್ದು ಒದೆಯಬೇಕು. "ಮಂಡಿ ಮಡ್ಸು! ಅಂಗೆ! ಕೈ ಊರು! ಬುಜ! ಕೂಗ್ಲಾ, ಕೂಗು!" ಎಂದು ಕೊಡೆ ಹಿಡಿದು ನಿಂತು ಹೇಳಿಕೊಟ್ಟರು. ಹಬೆಯ ಮರೆಯಿಂದ ರಾಚಮ್ಮ ಎಲ್ಲವನ್ನೂ ನೋಡುತ್ತಿದ್ದಳು. "ಗದ್ದೆ ನಾಟಿಗೆ ಓಗಿದ್ರೆ ಇಷ್ಟೊತ್ಗೆ ಅರ್ಧ ಎಕ್ರೆ ಆಗಿರೋದು" ಎಂದು ಪುಟ್ಟಮಲ್ಲಮ್ಮ ನಕ್ಕರೆ, ರಾಚಮ್ಮ ನಗಲಿಲ್ಲ. "ಆ ಉಡುಗನ್ನ ಕೆಡಿಸ್ತಾ ಅವ್ರೆ ಕಣೆ. ಚೆಂದಾಗಿ ಓಡ್ತಿದ್ದ" ಎಂದಳು.

ಕಾರ್ತಿಕದಲ್ಲಿ ಊರ ಗೋಡೆಗಳ ಮೇಲೆ ಹಳದಿ ನೋಟೀಸು ಬಿತ್ತು: ಕೊಳ್ಳೇಗಾಲದಲ್ಲಿ ಇಂಟರ್‌ನ್ಯಾಷನಲ್ ಫುಟ್‌ಬಾಲ್ ಟೂರ್ನಮೆಂಟು. ತಂಡಗಳು ಕೊಳ್ಳೇಗಾಲ, ಹನೂರು, ಮಾರ್ಟಳ್ಳಿ, ಯಳಂದೂರು. ಮೊದಲಿನ ಮೂರೂ ಮದ್ರಾಸ್ ಸರ್ಕಾರದ ಊರುಗಳು, ಯಳಂದೂರು ಮೈಸೂರು ಮಹಾರಾಜರ ಸೀಮೆ. ಇದು ಯಾವ ಲೆಕ್ಕದಲ್ಲಿ ದೇಶದೇಶದ ಆಟ ಎಂದು ಕೇಳಿದವರಿಗೆ ಸದಾಶಿವಪ್ಪನವರ ಉತ್ತರ ಸಿದ್ಧವಿತ್ತು: "ಯಳಂದೂರ್ಗೆ ಒಂದ್ ಮೂಟೆ ಅಕ್ಕಿ ತಕಂಡೋಗಿ ನೋಡವ. ಗಡೀಲಿ ಇಡ್ದು ಕೂರುಸ್ತಾರೆ. ಅಂದ್ಮೇಕೆ ಬ್ಯಾರೆ ದೇಸ ಅಲ್ವಾ?" ಇದಕ್ಕೆ ಎದುರಾಡುವವರು ಇರಲಿಲ್ಲ.

ರೆಫ್ರಿಯಾಗಿ ಬಂದವರು ಮಾರ್ಟಳ್ಳಿಯ ಡ್ರಿಲ್ಲು ಮೇಷ್ಟ್ರು ಅಂತೋಣಿ. ತಮಿಳು ಬೆರೆತ ಕನ್ನಡ, ಎಣ್ಣೆ ಹಚ್ಚಿ ಬಾಚಿದ ತಲೆ, ಕತ್ತಿನಲ್ಲಿ ದಾರ ಕಟ್ಟಿದ ಪೀಪಿ. ತಮ್ಮ ಊರಿನ ತಂಡ ಮೊದಲ ದಿನವೇ ಸೋತದ್ದರಿಂದ ಫೈನಲ್ಲಿಗೆ ಅವರಷ್ಟು ನಿರ್ಲಿಪ್ತ ಮನುಷ್ಯ ಸಿಕ್ಕುತ್ತಿರಲಿಲ್ಲ.

ಫೈನಲ್ಲು ಶುಕ್ರವಾರ. ಒಂದು ಕಡೆ ಕೊಳ್ಳೇಗಾಲ, ಇನ್ನೊಂದು ಕಡೆ ಯಳಂದೂರು. ಯಳಂದೂರಿನ ಬ್ಯಾಕು ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ, ಕಾಡೊಳಗಿನ ಹಾಡಿಯಿಂದ, ಬಂದ ಸೋಲಿಗರ ಹುಡುಗ ಮುನಿಯ. ಬರಿಗಾಲು. ಜೇನು ಕೀಳಲು ಬಂಡೆ ಹತ್ತಿ ಇಳಿದ ಕಾಲು. ಎದುರಿನವನ ಕಾಲನ್ನು ಮುಟ್ಟದೆ ಬಾಲನ್ನಷ್ಟೇ ಎತ್ತಿಕೊಂಡು ಹೋಗುತ್ತಿದ್ದ, ಮುಳ್ಳಿನ ನಡುವಿನಿಂದ ಹಣ್ಣು ಬಿಡಿಸಿದ ಹಾಗೆ. ಬಸವಣ್ಣನನ್ನು ಅವನು ಒಂದು ಸಲವೂ ದಾಟಗೊಡಲಿಲ್ಲ. ಆಟ ಮುಗಿಯಲು ಐದು ನಿಮಿಷ ಇರುವಾಗಲೂ ಎರಡೂ ಕಡೆ ಗೋಲಿರಲಿಲ್ಲ.

ಆಗ ಬಾಲು ರಾಚಮ್ಮನ ಮೂಲೆಗೆ ಬಂತು. ಬಸವಣ್ಣ ನುಗ್ಗಿದ. ಮುನಿಯ ಎದುರು ನಿಂತ, ಕಾಲು ಚಾಚಿದ, ಬಾಲು ಸಿಗದೆಂದು ಕಂಡು ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಇಬ್ಬರ ಕಾಲಿನ ನಡುವೆ ಒಂದು ಮೊಳ ಗಾಳಿ ಇತ್ತು. ಬಸವಣ್ಣನ ಮಂಡಿ ಮಡಿಯಿತು. ಕೈ ಊರಿತು. ಭುಜ ನೆಲಕ್ಕೆ ತಾಗಿತು. ಕೂಗು ಕಡೆಯಲ್ಲಿ ಬಂತು.

ಮೈದಾನವೇ ಹೋ ಎಂದಿತು. ಅಂತೋಣಿ ಮೇಷ್ಟ್ರು ಪೀಪಿ ಊದಿದರು. ಮುನಿಯನನ್ನು ಹೊರಗೆ ಕಳಿಸಿದರು. ಬಸವಣ್ಣ ಪೆನಾಲ್ಟಿ ಒದ್ದ, ಲಂಡನ್ನಿಗೆ ಹೋದವರಂತೆ ತಪ್ಪಲಿಲ್ಲ. ಸದಾಶಿವಪ್ಪ ಕೊಡೆ ಬಿಸಾಡಿ ಕುಣಿದರು.

ಯಳಂದೂರಿನವರು ಮೈದಾನ ಬಿಡಲಿಲ್ಲ. ಅವರ ಕೋಚು ದೊಡ್ಡಮಾದಪ್ಪ, ಪಲ್ಟನ್ನಿನಲ್ಲಿ ಹೇಸರಗತ್ತೆ ಮೇಯಿಸಿ ಬಂದ ಮೀಸೆಯ ಮನುಷ್ಯ, ಗೋಲಿನ ಬಿದಿರನ್ನು ತಬ್ಬಿಕೊಂಡು ನಿಂತ. "ಇದೇನ್ ಪುಟ್ಬಾಲೋ ಬಯಲಾಟವೋ? ಬೀಳೋದ ಕಲ್ಸೋನು ಕೋಚಾ, ಬಾಗವತನಾ?"

"ನಿಮ್ ಕಾಡೋನು ಒದ್ದ. ಕಾಡ್ನಾಗೆ ಒದ್ದಂಗ್ ಒದ್ದ" ಎಂದಿತು ಕೊಳ್ಳೇಗಾಲ.

"ನಾ ಒದೀನಿಲ್ಲ" ಎಂದ ಮುನಿಯ. ಅಷ್ಟೇ ಎಂದ. ಅವನದೇ ತಂಡದ ಇಬ್ಬರು ಅನುಮಾನದಿಂದ ಅವನ ಕಾಲನ್ನು ನೋಡಿದರು. ಅದು ಅವನಿಗೆ ಕಂಡಿತು. ಅವನು ಹೋಗಿ ಮೈದಾನದ ಬೇವಿನ ಮರದ ಕೆಳಗೆ ಕೂತ. "ಒದೀನಿಲ್ಲ ಅಂತ ಒಬ್ರಾದ್ರೂ ಅನ್ನೋಗಂಟ ನಾ ಬೆಟ್ಟ ಅತ್ತಕಿಲ್ಲ. ಅಲ್ಲಿ ನಮ್ಮವ್ವಂಗೆ ಏನಂತ ಯೋಳ್ಳಿ?"

ಅಂತೋಣಿ ಮೇಷ್ಟ್ರು ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಬೆವರೊರೆಸಿಕೊಂಡರು. ಒಳ್ಳೆಯ ಮನುಷ್ಯ, ಸುಳ್ಳು ಬರುತ್ತಿರಲಿಲ್ಲ. "ನಿಜ ಸೊಲ್ಲಬೇಕು ಅಂದ್ರೆ ಸಾಮಿ, ನಾನ್ ಇವ್ರ ಹಿಂದೆ ಇದ್ದೆ. ಬಿದ್ದದ್ದು ಕಂಡ್ತು. ಒದ್ದದ್ದು ಕಾಣ್ಲಿಲ್ಲೆ. ಜನ ಕೂಗಿದ್ರು, ನಾನ್ ಊದ್‌ಬಿಟ್ಟೆ. ಪಕ್ಕದಿಂದ ಕಂಡವ್ರು ಯಾರಾದ್ರೂ ಆಣೆ ಮಾಡಿ ಸೊಲ್ಲಿದ್ರೆ ಗೋಲು ಅಳಿಸ್ತೇನೆ, ಆಟ ಮತ್ತೆ ಆಡಿಸ್ತೇನೆ. ಆ ಹುಡುಗನ್ನೂ ಸೇರಿಸ್ತೇನೆ."

ದೊಡ್ಡಮಾದಪ್ಪ ಬಿದಿರು ಬಿಟ್ಟು ಗುಡಿಸಲ ಕಡೆ ಕೈ ತೋರಿಸಿದ. "ಬಾಲ್ ಗೆರೆ ದಾಟ್ತಾ ಅಂತ ನಿಮ್ ಉಡುಗ್ರೇ ಕೇಳೋ ಆಯಮ್ಮ ಕಂಡವ್ಳೆ. ಅವ್ಳು ನಿಮ್ಮೂರೋಳು, ನಿಮ್ಮ್ ಸರ್ಕಾರದೋಳು, ನಿಮ್ಮ್ ಮನೇಲಿರೋಳು. ಆದ್ರೂವೆ ಅವ್ಳು ಒದ್ದ ಅಂದ್ರೆ ಒದ್ದ. ನಾವ್ ಮಾತಾಡ್ದೆ ಓಯ್ತೀವಿ."

ಎಲ್ಲರ ತಲೆಯೂ ತಿರುಗಿತು. ರಾಚಮ್ಮ ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಗೂಡು ಬಾಣ್ಲೇಲಿ ಅವೆ. ಸೋಮ್ವಾರ ಕೇಳಿ" ಎಂದಳು.

ಸೋಮವಾರ ಎಂದರೆ ಮಲೆಯ ದೇವರು ಮಾದಪ್ಪನ ವಾರ. ಆ ಸೀಮೆಯಲ್ಲಿ ಬದುವಿನ ಜಗಳವಾಗಲಿ, ಕಳೆದ ಕುರಿಯ ಜಗಳವಾಗಲಿ, ಕಡೆಗೆ ಬಂದು ನಿಲ್ಲುವುದು ಸೋಮವಾರಕ್ಕೆ. ಮಾದಪ್ಪನ ಹೆಸರಲ್ಲಿ ದೀಕ್ಷೆ ಪಡೆದ ದೇವರಗುಡ್ಡ ದೇವರ ಬೆತ್ತ ತಂದು ರಾಗಿಯ ರಾಶಿಯಲ್ಲಿ ನೆಡುತ್ತಾನೆ. ಆಣೆ ಮಾಡುವವರು ಮಿಂದು, ಒದ್ದೆ ಬಟ್ಟೆಯಲ್ಲಿ, ಮನೆಯ ಒಲೆ ಆರಿಸಿ ಬಂದು ಬೆತ್ತ ಮುಟ್ಟಬೇಕು. ಸುಳ್ಳಾಡಿದವರ ಒಲೆ ಮತ್ತೆ ಹತ್ತುವುದಿಲ್ಲ ಎಂಬುದು ಹಿರಿಯರಿಂದ ಬಂದ ನಂಬಿಕೆ.

ಶನಿವಾರ ಮಧ್ಯಾಹ್ನ ಸದಾಶಿವಪ್ಪನವರೇ ಬಂದರು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು. ಗೂಡು ಹೇಗಿದೆ, ಸೋಮಮ್ಮ ಹೇಗಿದ್ದಾಳೆ ಎಂದೆಲ್ಲ ಕೇಳಿದರು.

"ರಾಚಮ್ಮ, ಇಪ್ಪತ್ ವರ್ಸ ಕಾದೆ. ಈಗ ಒಂದ್ ಕಪ್ಪು ಬಂದದೆ."

"ಬರ್ನಿಲ್ಲ ಸಾವ್ಕಾರ್ರೆ. ಮೇಷ್ಟ್ರ ಕಂಕುಳಲ್ಲಿ ಅದೆ."

"ಅದ್ಕೇ ಬಂದಿದ್ದು. ನೀನೇನ್ ಸುಳ್ಳು ಯೋಳ್ಬ್ಯಾಡ. ಒದ್ದ ಅನ್ಬ್ಯಾಡ. ಕಾಣ್ನಿಲ್ಲ ಅನ್ನು. ಅಬೆ ಕಣ್ಣಿಗ್ ಬಂದಿತ್ತು ಅನ್ನು. ಮಾದಪ್ಪನೂ ತಪ್ಪು ಅನ್ನಕಿಲ್ಲ."

"ಕಾಣ್ನಿಲ್ವಾ?" ಎಂದಳು ರಾಚಮ್ಮ. ಅವಳ ದನಿ ಮೊದಲ ಸಲ ಏರಿತು. "ಅದಿನೆಂಟ್ ವರ್ಸ ಈ ಅಬೆ ಒಳಗೇ ಕೂದಲಿಗಿಂತ ಸಣ್ಣ ಎಳೆ ಕಂಡು ನಿಮ್ಮ್ ಅಂಗ್ಡಿಗೆ ನೂಲ್ ಕೊಟ್ಟಿವ್ನಿ. ಆರಡಿ ಆಳು ಬಿದ್ದದ್ದು ಕಾಣ್ನಿಲ್ಲ ಅನ್ನಾದಾ? ಅದ್ಕಿಂತ ದೊಡ್ಡ ಸುಳ್ಳು ಇನ್ನೇನ್ ಅದೆ ಸಾವ್ಕಾರ್ರೆ?"

ಸದಾಶಿವಪ್ಪ ಲೋಟ ಕೆಳಗಿಟ್ಟರು. ಎದ್ದು ನಿಂತು ಗೋಡೆಯನ್ನು, ಜಂತಿಯನ್ನು, ಗುಡಿಸಲಿನ ತೆರೆದ ಬದಿಯನ್ನು ನಿಧಾನವಾಗಿ ನೋಡಿದರು. "ಈ ಮನೆ ನಮ್ಮೂರೋರ್ಗೆ ಅಂತ ಕೊಟ್ಟಿರಾದು. ಬೆತ್ತ ಮುಟ್ಟಿ ಯಳಂದೂರೋಳು ಆದ್ರೆ ಅವತ್ತೇ ಸಂಜೆ ಬೀಗದ ಕೈ ನನಗ್ ಬರ್ಬೇಕು. ಯೋಚ್ನೆ ಮಾಡು."

ಅವರು ಹೋದ ಮೇಲೆ ಚಕ್ರದ ಹಿಂದಿನಿಂದ ಪುಟ್ಟಮಲ್ಲಮ್ಮ ಎದ್ದು ಬಂದಳು. "ರಾಚೀ, ಒಂದ್ ಮಾತು. ಕಾಣ್ನಿಲ್ಲ ಅಂದ್ಬುಡೆ. ಒಂದ್ ಬಾಲಿಗೆ ಮನೆ ಬುಡ್ತಾರಾ ಯಾರಾದ್ರೂ?"

"ಬಾಲಿಗಲ್ಲ ಕಣೆ."

"ಇನ್ಯಾತಕ್ಕೆ?"

ರಾಚಮ್ಮ ಮುದ್ದೆ, ಸಾರು ಒಂದು ತಟ್ಟೆಗೆ ಬಡಿಸಿ ಬೇವಿನ ಮರದ ಕಡೆ ನಡೆದಳು. ಅಲ್ಲಿ ಮುನಿಯ ಮಂಡಿಗೆ ಗಲ್ಲ ಆನಿಸಿ ಕೂತಿದ್ದ. ತಟ್ಟೆ ಅವನ ಮುಂದಿಟ್ಟು, "ಉಣ್ಣು. ಅಸ್ಕಂಡು ಕೂತ್ರೆ ನ್ಯಾಯ ಬ್ಯಾಗ ಬರಕಿಲ್ಲ" ಎಂದಳು. ಅವನು ಉಂಡ. "ನೀನು ಕಂಡ್ಯಾ ಅವ್ವ?" ಎಂದು ಕೇಳಿದ. "ತಟ್ಟೆ ತೊಳ್ದು ಕೊಡು" ಎಂದಳು.

ಭಾನುವಾರ ಬೆಳಗ್ಗೆ ಬಸವಣ್ಣ ಬಂದ. ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಹೆಬ್ಬೆರಳಿನಿಂದ ನೆಲ ಕೆರೆದ.

"ಅತ್ತೆ, ಬೈಯ್ಯಿ."

"ಯಾಕ್ಲಾ ಬಯ್ಲಿ? ಚೆಂದಾಗ್ ಬಿದ್ದೆ. ಐವತ್ ಸಲ ದಿನಾ ಬಿದ್ದಿದ್ ಬಿದ್ದಂಗೇ ಇತ್ತು. ಮಂಡಿ, ಕೈ, ಬುಜ, ಆಮೇಕೆ ಕೂಗು. ಒದೆ ಬಿದ್ದೋನ್ಗೆ ಕೂಗು ಮೊದ್ಲು ಬತ್ತದೆ ಕಣ್ಲಾ, ಮೈಯಿ ಒಂದ್‌ಸಲ ಜಗ್ಗುತ್ತೆ. ನೀನು ಎಳೆ ಮುಗ್ದ ಗೂಡ್ನಂಗೆ ಮೆತ್ತಗೆ ಕೂತೆ."

ಬಸವಣ್ಣನ ಕಣ್ಣು ತುಂಬಿದವು. "ನಾನು ಬೀಳ್ಬೇಕು ಅನ್ಕಂಡಿರ್ನಿಲ್ಲ ಅತ್ತೆ. ಮಾದಪ್ಪನಾಣೆ. ಅವ್ನು ಕಾಲ್ ಚಾಚ್ದ. ನನ್ನ ಅಬ್ಯಾಸ ಬಿದ್ಬುಡ್ತು."

"ಇದ್ನೇ ನಾಳೆ ಯೋಳು."

"ಮಾವ ನನ್ನ ಮನೆಯಿಂದಾಚೆಗ್ ಆಕ್ತಾನೆ."

"ನನ್ನೂ ಆಕ್ತಾನೆ" ಎಂದಳು ರಾಚಮ್ಮ. "ಇಬ್ರೂ ಒಂದೇ ಊರೋರಾದ್ವಿ ಬುಡು."

ಹುಡುಗ ನಗಲೂ ಆಗದೆ ಅಳಲೂ ಆಗದೆ ಹೊರಟುಹೋದ. ಅವನು ಬೀದಿ ತಿರುಗುವವರೆಗೂ ಅವಳು ನೋಡುತ್ತ ನಿಂತಳು. ಕುಂಟುತ್ತಿರಲಿಲ್ಲ. ಶುಕ್ರವಾರ ಇಬ್ಬರ ಹೆಗಲ ಮೇಲೆ ಕೈಹಾಕಿ ಮೈದಾನದಿಂದ ಹೋದವನು.

ಸೋಮವಾರ ಮೈದಾನದ ನಡುವೆ ರಾಗಿಯ ರಾಶಿ ಹಾಕಿದರು. ಬೆತ್ತ ಬಂತು, ಹಿತ್ತಾಳೆಯ ಕಟ್ಟು ಬಿಸಿಲಿಗೆ ಮಿಂಚಿತು. ಎರಡು ಸರ್ಕಾರದ ಜನವೂ ಸೇರಿದರು. ಅಂತೋಣಿ ಮೇಷ್ಟ್ರು ಕಪ್ಪನ್ನು ಮೊಣಕಾಲ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಸದಾಶಿವಪ್ಪ ಅವರ ಪಕ್ಕ. ಹೊರಗಿನ ಗದ್ದಲ ಒಳಗೆ ರಾಚಮ್ಮನಿಗೆ ಕೇಳುತ್ತಿತ್ತು. ಲಂಡನ್ನೂ ಬಂತು, ಬರಿಗಾಲೂ ಬಂತು, ರೆಫ್ರಿ ಪಕ್ಕದಲ್ಲಿ ಓಡಬೇಕೋ ಹಿಂದೆ ಓಡಬೇಕೋ ಎಂಬ ವಾದವೂ ಬಂತು.

ಅವಳು ಮಿಂದು ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತಳು. ಬಾಣಲೆ ಖಾಲಿ. ಕಡೆಯ ಗೂಡಿನ ನೂಲನ್ನು ನಿನ್ನೆಯೇ ತೆಗೆದಾಗಿತ್ತು. ಪುಟ್ಟಮಲ್ಲಮ್ಮ ಮನೆಯ ಕಡೆಯ ಬಾಗಿಲಿಗೆ ಒರಗಿ ನಿಂತು ಮೂಗು ಸೇದುತ್ತಿದ್ದಳು.

"ನಮ್ಮ್ ಇತ್ಲಲ್ಲಿ ಚರಕ ಊಡು. ಆ ಜೋಪ್ಡಿ ನಂದು, ಯಾವ್ ಸಾವ್ಕಾರಂದೂ ಅಲ್ಲ" ಎಂದಳು ಅವಳು. ಆಮೇಲೆ ಸಣ್ಣ ದನಿಯಲ್ಲಿ, "ಅಲ್ಲಿಂದ ಮೈದಾನ ಕಾಣಕಿಲ್ಲ ಕಣೆ" ಎಂದಳು.

ರಾಚಮ್ಮ ತೆರೆದ ಬದಿಯಿಂದ ಗೋಲಿನ ಬಿದಿರನ್ನು ನೋಡಿದಳು. ಒಂದು ಗಳಿಗೆ ಹೆಚ್ಚೇ ನೋಡಿದಳು.

"ಕಾಣ್ದಿದ್ರೆ ನಡ್ಕಂಡ್ ಬಂದು ನೋಡ್ತೀನಿ. ಕಾಲು ನಂದಲ್ವಾ?"

"ಎದ್ರಿಕೆ ಆಗಕಿಲ್ವೇನೆ ನಿಂಗೆ?"

"ಆಯ್ತದೆ. ನೋಡು ಮಲ್ಲಿ, ಸುಳ್ಳು ಯೋಳುದ್ರೆ ಮಾದಪ್ಪ ಒಲೆ ಆರಿಸ್ತಾನೆ. ನಿಜ ಯೋಳುದ್ರೆ ಸದಾಸಿವಪ್ಪ ಆರಿಸ್ತಾನೆ. ಎಂಗೂ ಆರೋ ಒಲೆ. ಅವ್ರಿಬ್ರಿಗೂ ಯಾಕ್ ತೊಂದ್ರೆ?"

ಚೆಂಬಿನ ನೀರನ್ನು ಒಲೆಗೆ ಸುರಿದಳು. ಹದಿನೆಂಟು ವರ್ಷದ ಒಲೆ ಬುಸ್ ಎಂದಿತು. ಬೂದಿ ಎದ್ದು ಅವಳ ಒದ್ದೆ ಸೆರಗಿಗೆ ಅಂಟಿಕೊಂಡಿತು. ಅದನ್ನು ಕೊಡವಲಿಲ್ಲ.

"ಮಲ್ಲಿ, ಒಂದ್ ವಿಚಾರ ನೀ ಯೋಳಿದ್ದೇ ಸರಿ."

ಪುಟ್ಟಮಲ್ಲಮ್ಮ ಬೆಚ್ಚಿ ನೋಡಿದಳು. "ಏನು?"

"ಬಸವಣ್ಣ ಬಿದ್ದೆದ್ದ ಆ ಮೂರ್ ತಿಂಗ್ಳಲ್ಲಿ ಅರ್ಧ ಎಕ್ರೆ ನಾಟಿ ಆಗಿರೋದು."

ಜಗಲಿಗೆ ಬಂದು ಮನೆಯ ಬಾಗಿಲು ಎಳೆದು ಬೀಗ ಹಾಕಿದಳು. ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಲಿಲ್ಲ, ಎಡಗೈಯಲ್ಲೇ ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. ಬಲಗೈ ಬೆತ್ತಕ್ಕೆ ಬೇಕಾಗಿತ್ತು.

ಜಗಲಿಯ ಮೇಲೆ ಒಂದು ಜೊತೆ ಬೂಟು ಇತ್ತು, ದಾರ ಬಿಚ್ಚಿದ್ದು. ರಾಚಮ್ಮ ತಲೆ ಎತ್ತಿದಳು. ಜನರ ಗುಂಪಿನ ಈಚೆಗೆ, ಬೇವಿನ ಮರದ ಹತ್ತಿರ, ಮುನಿಯನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಬಸವಣ್ಣ ಬರಿಗಾಲಲ್ಲಿ ನಿಂತಿದ್ದ. ಮೈಮೇಲಿನ ಪಂಚೆ ಒದ್ದೆಯಾಗಿತ್ತು. ಮುಂದೆ ಬರುತ್ತಾನೋ ಇಲ್ಲವೋ ಅವನಿಗೇ ಗೊತ್ತಿದ್ದಂತಿರಲಿಲ್ಲ.

"ಬತ್ತೀಯಾ, ಅಲ್ಲೇ ಒಣಗ್ತೀಯಾ?" ಎಂದು ಜಗಲಿಯಿಂದಲೇ ಕೂಗಿ, ಉತ್ತರಕ್ಕೆ ಕಾಯದೆ, ಬೀಗದ ಕೈ ಹಿಡಿದು, ನೀರು ತೊಟ್ಟಿಕ್ಕುವ ಸೀರೆಯಲ್ಲಿ ರಾಚಮ್ಮ ಮನೆಯ ಮೆಟ್ಟಿಲಿಳಿದು ಮೈದಾನಕ್ಕೆ ನಡೆದಳು.